ಕೊರತೆಗಳ ಪಟ್ಟಿ ಲಗತ್ತಿಸಿದೆ

ಆ ಊರಿನಲ್ಲಿ ಮನೆಯಲ್ಲೇ ಓದುವ ಮಕ್ಕಳಿಗೆಂದು ಎರಡೇ ಬಳಗಗಳಿದ್ದವು. ಒಂದರಲ್ಲಿ ದೇವರು ಇರಲಿಲ್ಲ, ಇನ್ನೊಂದರಲ್ಲಿ ಹಿರಿಸೊಸೆ ಇದ್ದಳು. ಎರಡರಲ್ಲಿ ಯಾವುದನ್ನು ನುಂಗಿಕೊಳ್ಳುವುದು ಸುಲಭ ಎಂದು ತೀರ್ಮಾನಿಸಲು ಕಿರಿಸೊಸೆಗೆ ಐದು ದಿನ ಉಳಿದಿತ್ತು.

ಅವಸರ ಅವಳದಲ್ಲ, ಶಿಕ್ಷಣ ಇಲಾಖೆಯದು. ಮನೆಯಲ್ಲಿ ಓದುವ ಮಗು ಯಾವುದಾದರೊಂದು ನೋಂದಾಯಿತ ಬಳಗಕ್ಕೆ ಸೇರಿರಲೇಬೇಕು ಎಂದು ಆ ವರ್ಷ ಹೊಸ ನಿಯಮ ಬಂದಿತ್ತು. ಶುಕ್ರವಾರ ಸಂಜೆಯೊಳಗೆ ಬಳಗದ ಮೊಹರು ಬಿದ್ದ ಚೀಟಿ ಇಲಾಖೆಗೆ ತಲುಪದಿದ್ದರೆ ಸೋಮವಾರದಿಂದ ಮಗು ಹಳೆಯ ಶಾಲೆಯ ಹಳೆಯ ಬೆಂಚಿಗೆ ವಾಪಸ್ಸು. ಕಿರಿಸೊಸೆಯ ಮಗಳು ಎರಡು ವರ್ಷದ ಹಿಂದೆ ಬಿಟ್ಟುಬಂದ ಶಾಲೆ ಅದು. ಅವರ ಪಂಥದವರಿಗೆ ಹಗಲು ಹನ್ನೆರಡಕ್ಕೆ ಐದು ನಿಮಿಷದ ಪ್ರಾರ್ಥನೆ ಉಂಟು. ಐದು ನಿಮಿಷ ಕೇಳಿದ್ದಕ್ಕೆ ಟೀಚರು ಹುಡುಗಿಗೆ ಪೊರಕೆ, ಬಕೆಟ್ಟು, ಫಿನಾಯಿಲು ಇಡುವ ಕೋಣೆಯನ್ನು ತೋರಿಸಿದರು. ಹೊರಗಿನಿಂದ ಚಿಲಕ ಹಾಕುವ ತಮಾಷೆಯನ್ನು ಸಹಪಾಠಿಗಳು ತಾವೇ ಕಂಡುಹಿಡಿದರು. ಒಂದು ದಿನ ತೆಗೆಯಲು ಮರೆತರು. ಸಂಜೆ ಕಸ ಗುಡಿಸಲು ಬಂದ ಹೆಂಗಸು ಬಾಗಿಲು ತೆಗೆದಾಗ ಹುಡುಗಿ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಆದರೆ ಆಮೇಲೆ ಆರು ತಿಂಗಳು ಮನೆಯ ಬಚ್ಚಲಿಗೂ ಬಾಗಿಲು ಹಾಕಿಕೊಳ್ಳಲಿಲ್ಲ.

ಹುಡುಗಿಗೆ ಈಗ ಹನ್ನೊಂದು. ದನಿ ಸಣ್ಣಗೆ, ಎತ್ತರದಲ್ಲಿ, ಬಿಡದೆ ಎಳೆಯುತ್ತಿದ್ದುದರಿಂದ ಅಪ್ಪ ಅವಳನ್ನು ಪಿಟೀಲು ಎಂದು ಕರೆದ, ಹೆಸರು ಹಾಗೇ ನಿಂತಿತು. ಅಪ್ಪ ಲಿಫ್ಟ್ ರಿಪೇರಿಯವನು. ಬೆಳಗಿನ ಹೊತ್ತು ಪಿಟೀಲು ಅವನ ವ್ಯಾನಿನಲ್ಲಿ ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಸುತ್ತುತ್ತ, ಮೆಷಿನ್ ರೂಮುಗಳಲ್ಲಿ ಟೂಲ್ ಪೆಟ್ಟಿಗೆಯ ಮೇಲೆ ಕೂತು ಓದುತ್ತಿದ್ದಳು. ಅಮ್ಮ, ಅಂದರೆ ನಮ್ಮ ಕಿರಿಸೊಸೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಿಗ್ಗೆ ಆರರಿಂದ ಒಂದರವರೆಗೆ ಊರಿನವರ ರಕ್ತ ಸೋಸಿ, ಮನೆಗೆ ಬಂದು ಮೂರು ಸಲ ಕೈ ತೊಳೆದು, ಪಾಠಕ್ಕೆ ಕೂರುತ್ತಿದ್ದಳು.

ಸೋಮವಾರ ಮಧ್ಯಾಹ್ನ ಮೂವರೂ ದೇವರಿಲ್ಲದ ಬಳಗಕ್ಕೆ ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ನೆಲದ ಮೇಲೆ ನಕ್ಷೆಗಳು, ನಕ್ಷೆಗಳ ಮೇಲೆ ಮಕ್ಕಳು, ಎಲ್ಲರ ಮೇಲೆ ಗ್ರೀಸಿನ ವಾಸನೆ. ನಡೆಸುತ್ತಿದ್ದವನು ನಿವೃತ್ತ ಸರ್ವೇಯರ್. ಕಿವಿಯಲ್ಲಿ ಕೂದಲು, ಜೇಬಿನಲ್ಲಿ ಐದು ಪೆನ್ಸಿಲು.

"ಪ್ರಾರ್ಥನೆಯವರಾ?" ಎಂದ, ಕೂರಿ ಎನ್ನುವ ಮೊದಲೇ.

"ಹೌದು ಸಾರ್," ಎಂದ ಲಿಫ್ಟಿನವನು.

"ದೇವರನ್ನ ಕೆಳಗೆ ಸೈಕಲ್‌ಗಳ ಜೊತೆ ನಿಲ್ಲಿಸಿ ಬನ್ನಿ. ಹೋಗುವಾಗ ಕರ್ಕೊಂಡು ಹೋಗಿ. ನಮಗೇನೂ ದ್ವೇಷ ಇಲ್ಲ."

"ಬೀಗ ಹಾಕ್ಬೇಕಾ ಸಾರ್, ಇಲ್ಲ ನಿಮ್ಮ ಕಡೆಯವರು ಕದಿಯಲ್ವಾ?" ಎಂದಳು ಕಿರಿಸೊಸೆ.

ಸರ್ವೇಯರ್‌ಗೆ ಪಕ್ಕನೆ ನಗು ಬಂತು. ತನ್ನ ಸಿದ್ಧಾಂತಕ್ಕೆ ಒಪ್ಪದ ನಗು ಎಂದು ಕೆಮ್ಮಿ ಮುಚ್ಚಿಕೊಂಡ.

ಐದು ನಿಮಿಷದ ವಿಷಯ ಬಂದಾಗ ಕೆಮ್ಮು ನಿಂತಿತು. "ನೋಡಿ ತಾಯಿ, ಇಲ್ಲಿ ಹನ್ನೆರಡಕ್ಕೆ ಎಲ್ಲಾರೂ ಊಟಕ್ಕೆ ಕೂರ್ತಾರೆ. ಒಬ್ಬಳು ಎದ್ದು ಕಣ್ಣು ಮುಚ್ಚಿದ್ರೆ ನಾಳೆ ಇಬ್ಬರು ಮುಚ್ತಾರೆ. ನಾಡಿದ್ದು ಯಾರದ್ದು ಸರಿಯಾಗಿ ಮುಚ್ಚಿದೆ ಅಂತ ಜಗಳ. ನಾನು ನಲವತ್ತು ವರ್ಷ ಬೇಲಿ ಜಗಳ ಅಳೆದೋನು. ಇದಕ್ಕೆ ಅಳತೆಯೇ ಇಲ್ಲ."

ಅಷ್ಟರಲ್ಲಿ ಕಿಟಕಿಯ ಹತ್ತಿರ ಪಿಟೀಲು ಶುರುವಾಗಿತ್ತು. ಎದುರು ರಸ್ತೆಯ ದೀಪದ ಕಂಬ ಹತ್ತದೆ ಅದರ ಎತ್ತರ ಅಳೆಯುವುದು ಆ ದಿನದ ಪಾಠ. ನೆರಳನ್ನು ಅಳೆದು ಲೆಕ್ಕ ಹಾಕಬೇಕು. "ರಸ್ತೆ ಇಳಿಜಾರು ಇದೆ," ಎಂದಳು ಪಿಟೀಲು. "ನೆರಳು ಇಳಿಜಾರಿನ ಕಡೆ ಬಿದ್ದಿದೆ. ಉದ್ದ ಬರುತ್ತೆ. ನಿಮ್ಮ ಲೆಕ್ಕ ನಿಲ್ಲಲ್ಲ."

"ಎಷ್ಟು ಇಳಿಜಾರು? ಕಣ್ಣಿಗೆ ಕಾಣಲ್ಲ," ಎಂದು ಸರ್ವೇಯರ್ ಅಲ್ಲಿಂದಲೇ ಕೂಗಿದ.

"ನಿಮ್ಮ ಕಣ್ಣಿಗೆ ಕಾಣಲ್ಲ. ಚೆಂಡು ಬಿಟ್ರೆ ಉರುಳುತ್ತೆ."

ಇಬ್ಬರೂ ಅರ್ಧ ಗಂಟೆ ಜಗಳ ಆಡಿದರು. ಇಬ್ಬರೂ ಸೋಲಲಿಲ್ಲ, ಇಬ್ಬರೂ ಕೆಂಪಾದರು. ಕೊನೆಗೆ ಸರ್ವೇಯರ್ ತಾಯಿಯ ಕಡೆ ತಿರುಗಿ, "ಹುಡುಗಿ ಬೇಕು. ಪ್ರಾರ್ಥನೆ ಬೇಡ. ಯೋಚನೆ ಮಾಡಿ," ಎಂದ.

"ಎರಡೂ ಒಂದೇ ಫ್ರಾಕಿನೊಳಗಿದೆ ಸಾರ್. ಬೇರೆ ಬೇರೆ ಮಾಡಿ ಕೊಡೋಕಾಗಲ್ಲ."

ಅಲ್ಲಿಗೆ ಒಂದು ಬಾಗಿಲು ಮುಚ್ಚಿತು. ಉಳಿದದ್ದು ಹಿರಿಸೊಸೆಯ ಬಾಗಿಲು.

ಹಿರಿಸೊಸೆ ಲಿಫ್ಟಿನವನ ಅಣ್ಣನ ಹೆಂಡತಿ. ಅತ್ತೆಯ ಮನೆಯ ಮುಂದಿನ ಹಾಲಿನಲ್ಲಿ ಅವಳ ಬಳಗ ನಡೆಯುತ್ತಿತ್ತು. ಹದಿನಾಲ್ಕು ಮಕ್ಕಳು, ನಾಲ್ಕು ಬೆಂಚು, ಗೋಡೆಗೆ ಹದಿನೆಂಟು ಅಂಶಗಳ ಶ್ರದ್ಧಾ ಪ್ರತಿಜ್ಞೆ. ಓದಿದವಳು, ಚುರುಕಿನವಳು, ಇಸ್ತ್ರಿ ಹಾಕಿದ ಸೀರೆಯಂತೆ ಮಾತೂ ಮಡಿಕೆ ಬಿಡುತ್ತಿರಲಿಲ್ಲ. ಮಕ್ಕಳು ಹಿಂದಿನಿಂದ ಹೆಡ್ಮಿಸ್ ಎನ್ನುತ್ತಿದ್ದರು. ಮುಂದಿನಿಂದ ಏನೂ ಅನ್ನುತ್ತಿರಲಿಲ್ಲ. ಕಿರಿಸೊಸೆಯನ್ನು ಅವಳು ಮದುವೆಯಾಗಿ ಬಂದ ದಿನದಿಂದ 'ಪಾಪ' ಎಂಬ ಮುನ್ನುಡಿಯೊಂದಿಗೇ ಮಾತಾಡಿಸುತ್ತಿದ್ದಳು. ಪಾಪ, ಕೆಲಸಕ್ಕೆ ಹೋಗ್ಬೇಕು. ಪಾಪ, ಒಂದೇ ಮಗು. ಪಾಪ, ಓದಿದ್ದು ಅಷ್ಟೇ. ಕನಿಕರವನ್ನು ಇಷ್ಟು ಚೂಪಾಗಿ ಕೆತ್ತಬಲ್ಲವರು ಆ ಮನೆತನದಲ್ಲಿ ಇನ್ನೊಬ್ಬರಿರಲಿಲ್ಲ.

ಅವಳ ಬಳಗದ ಅರ್ಜಿ ಒಂಬತ್ತು ಪುಟ. ಮಂಗಳವಾರ ಸಂಜೆ ಕಿರಿಸೊಸೆ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಸೋರುವ ಸೀಸೆ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಪುಟ ತಿರುವಿದಳು. ಗಂಡ ಬರೆಯುತ್ತಿದ್ದ. ಅಕ್ಷರ ಅವನದು ಚೆನ್ನಾಗಿತ್ತು. ಮೂವತ್ತೊಂದನೇ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. 'ಪೋಷಕರ ಕೊರತೆಗಳು, ಇದ್ದಲ್ಲಿ.' ಉತ್ತರಕ್ಕೆ ಒಂದು ಗೆರೆ ಬಿಟ್ಟಿದ್ದರು.

ಬೇರೆ ತಂದೆತಾಯಂದಿರು ಆ ಗೆರೆಯ ಮೇಲೆ 'ಮಕ್ಕಳ ಮೇಲೆ ಅತಿಯಾದ ಪ್ರೀತಿ' ಎಂದು ಬರೆದು ಮುಂದೆ ಹೋಗಿದ್ದರು. ಒಬ್ಬರು 'ಶಿಸ್ತಿನ ವಿಷಯದಲ್ಲಿ ರಾಜಿ ಇಲ್ಲದಿರುವುದು' ಎಂದು ಬರೆದು ಮೆಚ್ಚುಗೆ ಪಡೆದಿದ್ದರು. ಆದರೆ ಲಿಫ್ಟಿನವನಿಗೆ ಇಂಥ ಪ್ರಶ್ನೆ ಕೇಳಬಾರದಿತ್ತು. ಒಂದು ಕಾರಣ, ಅವನ ಕಸುಬು. ಪ್ರತಿ ಕಟ್ಟಡದಲ್ಲೂ ಒಂದು ದೋಷದ ರಿಜಿಸ್ಟರ್ ಇರುತ್ತದೆ. ಕಂಡ ದೋಷವನ್ನು ಅದರಲ್ಲಿ ಬರೆಯದೆ ಬಂದವನು ಮೆಕ್ಯಾನಿಕ್ಕೇ ಅಲ್ಲ ಎಂಬುದು ಅವನ ನಂಬಿಕೆ. ಇನ್ನೊಂದು, ಅವರ ಪಂಥದ ಪದ್ಧತಿ. ವಾರಕ್ಕೊಮ್ಮೆ ಅತ್ತೆಯ ಮನೆಯಲ್ಲಿ, ಹನ್ನೆರಡು ವರ್ಷ ತುಂಬಿದವರೆಲ್ಲ ಸುತ್ತ ಕೂತು, ಆ ವಾರ ತಾವು ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುವ ಕೂಟ ಅದು. ಕೇಳಿದವರು ಹೂಂ ಎನ್ನುವಂತಿಲ್ಲ, ಛೇ ಎನ್ನುವಂತಿಲ್ಲ. ಎದ್ದ ಮೇಲೆ ಅದನ್ನು ಮತ್ತೆಲ್ಲೂ ಎತ್ತುವಂತಿಲ್ಲ. ಜಗಳದಲ್ಲೂ ಇಲ್ಲ, ಗಂಡಹೆಂಡತಿಯ ನಡುವೆಯೂ ಇಲ್ಲ. ಹದಿನೈದು ವರ್ಷ ಹೀಗೆ ಕೂತೂ ಕೂತೂ, ಕೊರತೆ ಏನು ಎಂದು ಕೇಳಿದರೆ ಪೂರ್ತಿ ಹೇಳುವುದು ಇಬ್ಬರಿಗೂ ಸೀನು ಬಂದಷ್ಟೇ ಸಹಜವಾಗಿತ್ತು.

"ಒಂದು ಗೆರೆ ಸಾಲಲ್ಲ," ಎಂದ. "ಬೇರೆ ಹಾಳೆ ಲಗತ್ತಿಸೋಣ."

"ರೀ, ಯಾರಾದ್ರೂ ಅದನ್ನ ಪೂರ್ತಿ ಬರೀತಾರಾ? ಒಂದು ಸಾಲು ಗೀಚಿ ಬಿಡಿ."

"ಕೇಳಿದಾರೆ ಕಣೇ. ಕೇಳಿದ್ಮೇಲೆ ಹೇಳ್ಬೇಕು. ನಂದು ಮೊದಲು ಬರ್ಕೋತೀನಿ. ಬೆಳಗಿನ ಪ್ರಾರ್ಥನೆಲಿ ನಿದ್ದೆ ಮಾಡ್ತೀನಿ. ಸಿಟ್ಟು ಬಂದ್ರೆ ಗೋಡೆಗೆ ಗುದ್ತೀನಿ. ಮಗಳನ್ನ ಒಂದ್ಸಲ ಲಿಫ್ಟಿನ ನೆತ್ತಿ ಮೇಲೆ ಕೂರಿಸ್ಕೊಂಡು ಹೋಗಿದ್ದೆ."

"ಏನು?"

"ಮೂರು ಮಹಡಿ ಅಷ್ಟೇ. ಈಗ ನಿಂದು ಹೇಳು."

ಅವಳು ಹಣೆ ಒತ್ತಿಕೊಂಡಳು. ಸುಸ್ತಾಗಿತ್ತು, ಕೇಳಿದ್ದಕ್ಕೆ ಹೇಳುವ ಅಭ್ಯಾಸವೂ ಇತ್ತು. "ಸ್ಯಾಂಪಲ್ ಜಾಸ್ತಿ ಇದ್ದ ದಿನ ಲ್ಯಾಬಲ್ಲಿ ಮಧ್ಯಾಹ್ನದ ಪ್ರಾರ್ಥನೆ ಬಿಟ್ಟಿದೀನಿ."

"ಎಷ್ಟು ಸಲ?"

"ನಲವತ್ತು ಆಗಿರ್ಬೋದು. ಪಾಠ ಹೇಳುವಾಗ ಬೇಗ ಸಿಟ್ಟು ಬರುತ್ತೆ. ಅವರಿವರ ವಿಷಯ ಜಾಸ್ತಿ ಆಡ್ತೀನಿ. ಇನ್ನೇನು, ಅಕ್ಕನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ ಅಂತ ಅದನ್ನೂ ಬರ್ದುಬಿಡಿ, ಖುಷಿಯಾಗ್ಲಿ."

ಅವನು ಬರೆದ. ಏಳನೆಯ ಅಂಶ, ದುಂಡಗಿನ ಅಕ್ಷರದಲ್ಲಿ. ವ್ಯಂಗ್ಯ ಎಂಬುದು ಅವನ ಟೂಲ್ ಪೆಟ್ಟಿಗೆಯಲ್ಲಿ ಇರಲಿಲ್ಲ.

ಒಂದನ್ನು ಮಾತ್ರ ಅವಳು ಹೇಳಲಿಲ್ಲ. ಎರಡು ತಿಂಗಳ ಹಿಂದೆ ಕೂಟದಲ್ಲಿ ಹೇಳಿಯಾಗಿತ್ತು, ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಗಂಡನಿಗೂ ಅದು ನೆನಪಿತ್ತು. ಪದ್ಧತಿಯಂತೆ ಅವನೂ ಎತ್ತಲಿಲ್ಲ.

ಗುರುವಾರ ಸಂಜೆ ಸಂದರ್ಶನ. ಮಕ್ಕಳ ಬೆಂಚುಗಳಲ್ಲಿ ಒಂದರ ಮೇಲೆ ಮೂವರನ್ನೂ ಕೂರಿಸಿದರು. ಬೆಂಚು ಎಂಟು ವರ್ಷದವರ ಅಳತೆಯದು. ಲಿಫ್ಟಿನವನ ಮಂಡಿ ಎದೆಗೆ ಬರುತ್ತಿತ್ತು. ಮೇಜಿನ ಆಚೆ ಸಮಿತಿ: ನಡುವೆ ಹಿರಿಸೊಸೆ, ಬಲಗಡೆ ಅತ್ತೆ, ಎಡಗಡೆ ಹಲ್ಲಿನ ಡಾಕ್ಟರು. ಡಾಕ್ಟರ ಮೂರು ಮಕ್ಕಳು ಬಳಗದಲ್ಲಿದ್ದರು. ಜನ ಬಾಯಿ ತೆರೆದರೆ ಅವರು ಮಾತು ಕೇಳುತ್ತಿರಲಿಲ್ಲ, ಒಳಗೆ ನೋಡುತ್ತಿದ್ದರು.

"ಪಾಪ, ಕೆಲಸ ಮುಗಿಸಿ ಓಡಿ ಬಂದಿದೀಯ," ಎಂದಳು ಹಿರಿಸೊಸೆ. "ನಾವು ಮನೆಯವರು ಅಂತ ರಿಯಾಯಿತಿ ಏನೂ ಇಲ್ಲ, ಬೇಜಾರು ಮಾಡ್ಕೋಬೇಡ. ಪುಟ್ಟಿ, ಗಣಿತ ಎಲ್ಲಿವರೆಗೆ ಬಂದಿದೆ?"

"ಭಿನ್ನರಾಶಿವರೆಗೆ," ಎಂದಳು ಪಿಟೀಲು. "ಎರಡು ತಿಂಗಳಿಂದ ಬರೀ ರಾಜರು. ಎಲ್ಲಾ ರಾಜರೂ ಸತ್ತಾಯ್ತು, ಇನ್ನೂ ಗಣಿತ ಬಂದಿಲ್ಲ."

ಡಾಕ್ಟರು ನಕ್ಕರು. ಹಿರಿಸೊಸೆ ನಗಲಿಲ್ಲ. ಲಗತ್ತಿಸಿದ ಹಾಳೆಯನ್ನು ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡಳು. "ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ಬೇರೆ ಹಾಳೆ ತಗೊಂಡೋರು ನೀವೇ ಮೊದಲು. ಸಮಿತಿಯವರಿಗೆ ಓದಿ ಹೇಳ್ತೀನಿ."

ಓದಿದಳು. ನಿಧಾನವಾಗಿ, ಪ್ರತಿ ಅಂಶಕ್ಕೂ ಸಂಖ್ಯೆ ಹೇಳಿ, ನಡುವೆ ಉಸಿರಿಗೆ ಜಾಗ ಬಿಟ್ಟು. ನಿದ್ದೆ, ಗೋಡೆ, ಲಿಫ್ಟಿನ ನೆತ್ತಿ. ನಲವತ್ತು ಪ್ರಾರ್ಥನೆಗಳ ಹತ್ತಿರ ಬಂದಾಗ ಪಿಟೀಲು ಅಮ್ಮನ ಕಡೆ ನೋಡಿದಳು. ಕಿರಿಸೊಸೆ ಗೋಡೆಯ ಪ್ರತಿಜ್ಞೆಯನ್ನು ಮೊದಲ ಅಂಶದಿಂದ ಓದಲು ಶುರುಮಾಡಿದಳು.

"ಏಳು. 'ಪತ್ನಿಗೆ ಅಕ್ಕನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.'" ಹಿರಿಸೊಸೆ ಹಾಳೆಯನ್ನು ಕೆಳಗಿಟ್ಟಳು. "ಅಕ್ಕ ಅಂದ್ರೆ ನಾನೇ ತಾನೇ?"

"ಒಡಹುಟ್ಟಿದ ಅಕ್ಕ ಇಲ್ಲ ನಂಗೆ," ಎಂದಳು ಕಿರಿಸೊಸೆ.

"ಉರಿ ಇದ್ರೆ ಔಷಧಿ ಇದೆ," ಎಂದರು ಡಾಕ್ಟರು, ವಾತಾವರಣ ತಿಳಿಗೊಳಿಸುವ ಉದ್ದೇಶದಿಂದ. ಯಾರೂ ಅವರ ಕಡೆ ನೋಡಲಿಲ್ಲ.

"ನಿಜ ಬರೆದಿದಾರೆ, ಅದಕ್ಕೆ ಮೆಚ್ಚಬೇಕು," ಎಂದಳು ಹಿರಿಸೊಸೆ. ಅವಳ ದನಿ ಇನ್ನಷ್ಟು ಮೃದುವಾಯಿತು. ಗೊತ್ತಿದ್ದವರಿಗೆ ಅದು ಕೆಟ್ಟ ಸೂಚನೆ. "ಆದ್ರೆ ಪೂರ್ತಿ ನಿಜ ಅಲ್ಲ, ಅದೇ ಸಂಕಟ. ಮುಖ್ಯವಾದದ್ದೇ ಬಿಟ್ಟುಹೋಗಿದೆ. ಇಲ್ಲಿ ಪ್ರತಿ ತಾಯಿಯೂ ಬೇರೆ ಮಕ್ಕಳಿಗೆ ಪಾಠ ಹೇಳ್ಬೇಕು ಡಾಕ್ಟರೇ, ನಿಮ್ಮ ಮಕ್ಕಳಿಗೂ. ಅರ್ಧಾನ ಕಾಲಿನಿಂದ ಭಾಗಿಸಿದ್ರೆ ಎಷ್ಟು? ಎರಡು. ಮಗು ಎರಡು ಅಂತಲೇ ಬರೆದಿತ್ತು. ಇವಳು ಎಂಟನೇ ಒಂದು ಅಂತ ಹೊಡೆದುಹಾಕಿ, ಬೈದು, ಎಂಟನೇ ಒಂದು ಅಂತ ಹತ್ತು ಸಲ ಬರೆಸಿದಾಳೆ. ಮಾರನೇ ದಿನ ತನ್ನದೇ ತಪ್ಪು ಅಂತ ಗೊತ್ತಾದ್ರೂ ಮಗುಗೆ ಹೇಳ್ಲಿಲ್ಲ, ಪುಸ್ತಕಾನೇ ಬೀರು ಮೇಲೆ ಎತ್ತಿಟ್ಟಳು. ತಪ್ಪು ಯಾರಿಂದಲೂ ಆಗುತ್ತೆ, ಪಾಪ. ಆದ್ರೆ ಇಂಥೋರ ಕೈಗೆ ಹದಿನಾಲ್ಕು ಮಕ್ಕಳನ್ನ..."

"ಅದು ಕಾಗದದಲ್ಲಿಲ್ಲ," ಎಂದರು ಅತ್ತೆ.

ಅತ್ತೆ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಎಂಬತ್ತರ ಹತ್ತಿರದ ಮುದುಕಿ. ಕಿರಿಸೊಸೆಯನ್ನು ಕಂಡರೆ ಅವರಿಗೂ ಅಷ್ಟಕ್ಕಷ್ಟೇ. ಕೆಲಸಕ್ಕೆ ಹೋಗುವ ಸೊಸೆ ಬೇಡ ಎಂದು ಮದುವೆಯಲ್ಲೇ ಹೇಳಿದ್ದವರು. ಆದರೆ ವಾರದ ಕೂಟ ಅವರ ಮನೆಯಲ್ಲಿ, ಅವರ ಎದುರು ನಡೆಯುವುದು. ಐವತ್ತು ವರ್ಷದಲ್ಲಿ ಅಲ್ಲಿ ಆಡಿದ ಒಂದು ಮಾತೂ ಹೊಸ್ತಿಲು ದಾಟಿರಲಿಲ್ಲ.

"ಏನತ್ತೆ?"

"ಅದು ಕಾಗದದಲ್ಲಿಲ್ಲ ಅಂದೆ. ನೀನು ಎಲ್ಲಿ ಕೇಳಿದ್ದು?"

ಹಿರಿಸೊಸೆಯ ಕೈ ಹಾಳೆಯ ಮೇಲೆ ಹೋಗಿ ಏಳನೇ ಅಂಶದ ಕೆಳಗೆ ಎಂಟನೆಯದನ್ನು ಹುಡುಕಿತು. ಅಲ್ಲಿ ಖಾಲಿ ಇತ್ತು. ಅವಳಿಗೂ ಒಂದು ಕ್ಷಣ ನಿಜವಾಗಿ ಗೊತ್ತಿರಲಿಲ್ಲವೇನೋ. ಇಷ್ಟು ದಿನ ಮನಸ್ಸಿನಲ್ಲೇ ಸವಿದ ವಿಷಯ, ಎಲ್ಲಿಂದ ಬಂತೆಂಬುದು ಮರೆತಿರಬೇಕು. ಹಾಳೆಯನ್ನು ಮಗುಚಿ ಇಟ್ಟಳು.

"ಮಕ್ಕಳ ಒಳ್ಳೇದಕ್ಕೆ ಅಂತ..." ಎಂದಳು.

ಈಗ ಎಲ್ಲರೂ ಕಿರಿಸೊಸೆಯ ಕಡೆ ನೋಡಿದರು. ಹದಿನೈದು ವರ್ಷ ಹಿರಿಸೊಸೆಯೂ ಅದೇ ಕೂಟದಲ್ಲಿ ಕೂತು ತನ್ನದನ್ನು ಹೇಳಿಕೊಂಡವಳು. ಅವುಗಳಲ್ಲಿ ಒಂದನ್ನು ಈ ಮೇಜಿನ ಮೇಲೆ ಇಟ್ಟರೆ ಡಾಕ್ಟರು ತಮ್ಮ ಮೂರು ಮಕ್ಕಳನ್ನೂ ಅದೇ ಸಂಜೆ ಬಿಡಿಸಿಕೊಂಡು ಹೋಗುತ್ತಿದ್ದರು. ಕಿರಿಸೊಸೆಯ ನಾಲಿಗೆಯ ಮೇಲೆ ಅದು ಬಂದು ಕೂತಿತ್ತು. ಬಾಯಿಯೂ ತೆರೆದಿತ್ತು.

"ನಂದು ಸರಿಯಾಗಿತ್ತಾ?" ಎಂದಳು ಪಿಟೀಲು.

ಕಿರಿಸೊಸೆ ಬಾಯಿ ಮುಚ್ಚಿದಳು.

"ಅಮ್ಮಾ. ಎರಡು ಸರಿಯಾಗಿತ್ತಾ?"

"ಹೂಂ. ನಿಂದೇ ಸರಿ." ಪಕ್ಕದಲ್ಲಿ ಕೂತವಳ ಕಡೆ ತಿರುಗಲು ಆ ಬೆಂಚಿನಲ್ಲಿ ಜಾಗವಿರಲಿಲ್ಲ. ಮೇಜಿನ ಕಡೆ ನೋಡುತ್ತಲೇ ಹೇಳಿದಳು. "ಲ್ಯಾಬಲ್ಲಿ ಅರ್ಧ ಮಾಡಿದ್ದನ್ನ ಮತ್ತೆ ಕಾಲು ಮಾಡಿದ್ರೆ ಎಂಟನೇ ಒಂದೇ ಬರೋದು. ದಿನಾ ಅದೇ ಮಾಡ್ತೀನಿ ನೋಡು, ನೀರು ಬೆರೆಸಿ ಬೆರೆಸಿ. ಭಾಗ ಮಾಡಿದ್ಮೇಲೆ ಜಾಸ್ತಿ ಹೇಗಾಗುತ್ತೆ ಅಂತ ಸಿಟ್ಟು ಬಂತು."

"ನಾನು ಅವತ್ತೇ ಹೇಳಿದೆ. ಅರ್ಧ ರೊಟ್ಟೀಲಿ ಕಾಲು ರೊಟ್ಟಿ ಎಷ್ಟಿದೆ ನೋಡು ಅಂತ. ಎದುರುತ್ತರ ಕೊಡ್ತೀಯಾ ಅಂದೆ ನೀನು."

"ಅಂದೆ."

ಅತ್ತೆ ಮೇಜಿನ ಖಾನೆ ಎಳೆದು ಬಳಗದ ಮೊಹರನ್ನು ತೆಗೆದು ಹಿರಿಸೊಸೆಯ ಮುಂದೆ ಇಟ್ಟರು. "ಒತ್ತು," ಎಂದರು. ಹಿರಿಸೊಸೆ ಒತ್ತಿದಳು. ಅವಸರಕ್ಕೆ ಮೊಹರು ಎರಡೆರಡಾಗಿ ಬಿತ್ತು, ಆದರೆ ಓದಲು ಬರುತ್ತಿತ್ತು. ಅತ್ತೆ ಚೀಟಿಯನ್ನು ಮೇಜಿನ ಈಚೆಗೆ ತಳ್ಳಿದರು. "ತಗೋ. ನಿನ್ನ ಮೇಲೆ ಪ್ರೀತಿ ಬಂದು ಅಲ್ಲ."

"ಗೊತ್ತು ಅತ್ತೆ," ಎಂದಳು ಕಿರಿಸೊಸೆ. ಚೀಟಿಯನ್ನು ನೋಡಿದಳು. ಬರುವ ವರ್ಷ ಪಿಟೀಲಿಗೆ ಹನ್ನೆರಡು ತುಂಬುತ್ತದೆ. ಅವಳೂ ಆ ಸುತ್ತಿನಲ್ಲಿ ಕೂತು ತನ್ನ ತಪ್ಪುಗಳನ್ನು ಆ ಸಣ್ಣ ದನಿಯಲ್ಲಿ ಹೇಳಬೇಕು. ಹಗಲು ಬೆಂಚಿನಲ್ಲಿ ಕೂತಾಗ ಅದನ್ನೆಲ್ಲ ಕೇಳಿದ ಕಿವಿ ಮೇಜಿನ ಆಚೆ ಇರುತ್ತದೆ. "ಬೇಡ," ಎಂದಳು.

"ಏ, ನಾಳೆ ಶುಕ್ರವಾರ ಕಣೇ," ಎಂದ ಲಿಫ್ಟಿನವನು. "ಮೊಹರು ಬಿದ್ದಿದೆ. ತಗೊಳ್ಳೇ."

"ನೀವು ಏಳ್ರೀ ಮೊದಲು."

ಅವನಿಗೆ ಆ ಬೆಂಚಿನಿಂದ ಏಳಲು ಡಾಕ್ಟರು ಕೈ ಕೊಡಬೇಕಾಯಿತು.

ವ್ಯಾನಿನಲ್ಲಿ ಪಿಟೀಲು ಯಾವಾಗಲೂ ಇಬ್ಬರ ನಡುವೆ ಕೂರುತ್ತಿದ್ದಳು. ಅಂದು ಹಿಂದೆ ಹೋಗಿ ಉಕ್ಕಿನ ಹಗ್ಗದ ಸುರುಳಿಯ ಮೇಲೆ ಕೂತಳು. ಮೂರನೇ ಸಿಗ್ನಲ್ ದಾಟಿದ ಮೇಲೆ ಅಲ್ಲಿಂದಲೇ ಕೇಳಿದಳು.

"ಅಪ್ಪಂಗೂ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಅಪ್ಪ. "ಕೂಟದಲ್ಲಿ ಕೇಳಿದ್ದು. ಎತ್ತೋ ಹಾಗಿರಲಿಲ್ಲ ಮಗಾ."

"ಅಜ್ಜಿಗೂ ಗೊತ್ತಿತ್ತು. ದೊಡ್ಡಮ್ಮಂಗೂ ಗೊತ್ತಿತ್ತು. ದೊಡ್ಡಪ್ಪ ಬಾಯೇ ಬಿಡಲ್ಲ, ಅವ್ರಿಗೂ ಗೊತ್ತಿತ್ತು. ದೇವರಿಗಂತೂ ಹೇಳೇ ಇರ್ತೀರ." ದನಿ ಏರುತ್ತ ಹೋಯಿತು. "ಲೆಕ್ಕ ಮಾಡಿದ್ದು ನಾನು!"

ಕಿರಿಸೊಸೆ ಹಿಂದೆ ತಿರುಗಿದಳು. ಯಾರಿಗೆ ತಪ್ಪು ಮಾಡಿದ್ದೋ ಅವರನ್ನು ಬಿಟ್ಟು ಉಳಿದವರೆಲ್ಲರಿಗೂ ಹೇಳಿ ಮನಸ್ಸು ಹಗುರ ಮಾ‌ಡಿಕೊಂಡು ಎದ್ದುಬಂದದ್ದು ಇದೇ ಮೊದಲಲ್ಲ ಎಂದು ಅವಳಿಗೆ ಒಂದೊಂದಾಗಿ ನೆನಪಾಗತೊಡಗಿತು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವಳು, ಸ್ವಂತ ತಮ್ಮ, ಕೆಳಮನೆಯಾಕೆ. ಪಟ್ಟಿ ಅವಳು ಎಣಿಸಿದ್ದಕ್ಕಿಂತ ಉದ್ದವಿತ್ತು.

"ತಪ್ಪಾಯ್ತು," ಎಂದಳು.

"ಅದು ಗೊತ್ತಾಯ್ತು."

"ಎಲ್ಲಿಗೆ ಸೇರ್ತೀಯ, ನೀನೇ ಹೇಳು. ಅಜ್ಜಿ ಹತ್ರ ಹೋಗಿ ಚೀಟಿ ಇಸ್ಕೊಂಡು ಬಾ ಅಂದ್ರೆ ಈಗ್ಲೇ ವಾಪಸ್ ಹೋಗ್ತೀನಿ."

"ಸರ್ವೇಯರ್ ಹತ್ರ."

"ಅವರು ಪ್ರಾರ್ಥನೆ ಬೇಡ ಅಂದಿದಾರೆ."

"ಅದನ್ನ ನಾನು ಮಾತಾಡ್ತೀನಿ. ನೀನು ಮಾತಾಡ್ಬೇಡ. ನಾನು ನಿನ್ನ ಹಾಗೆ ನಲವತ್ತು ಸಲ ಬಿಡಲ್ಲ."

ಲಿಫ್ಟಿನವನು ಗೇರ್ ಬದಲಿಸಿದ, ಅಗತ್ಯವಿಲ್ಲದಿದ್ದರೂ.

ಶುಕ್ರವಾರ ಕಿರಿಸೊಸೆ ರಜೆ ಹಾಕಿದಳು. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಸರ್ವೇಯರ್ ನಕ್ಷೆಯೊಂದಕ್ಕೆ ಅಂಟು ಹಚ್ಚುತ್ತಿದ್ದ. ತಲೆ ಎತ್ತದೆ, "ಬೇರೆ ಬೇರೆ ಮಾಡಿ ತಂದ್ರಾ?" ಎಂದ.

ತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಪಿಟೀಲು ಮುಂದೆ ಹೋದಳು. "ಹನ್ನೆರಡಕ್ಕೆ ಐದು ನಿಮಿಷ ಆ ಮೂಲೇಲಿ ನಿಲ್ತೀನಿ. ಮಾತಾಡಲ್ಲ. ಬೇಕಾದ್ರೆ ಕಣ್ಣು ಬಿಟ್ಟುಕೊಂಡೇ ನಿಲ್ತೀನಿ."

"ಯಾತಕ್ಕೆ ನಿಲ್ತೀಯ?"

"ಅದು ನಂದು."

"ಪ್ರಾರ್ಥನೆ ಮಾಡ್ತಿದೀಯ ಅಂತ ಉಳಿದ ಮಕ್ಕಳಿಗೆ ಗೊತ್ತಾಗುತ್ತೆ."

"ನೀವು ಹೇಳಿದ್ರೆ ಗೊತ್ತಾಗುತ್ತೆ. ನಾನು ಹೇಳಲ್ಲ. ಬಾಗಿಲು ಮಾತ್ರ ಯಾರೂ ಹಾಕ್ಬಾರ್ದು."

ಸರ್ವೇಯರ್ ಅಂಟಿನ ಬ್ರಷ್ಷನ್ನು ಡಬ್ಬಿಯಲ್ಲಿ ಇಟ್ಟ. ಕೋಣೆಯ ಬಾಗಿಲನ್ನು ನೋಡಿದ, ಹುಡುಗಿಯನ್ನು ನೋಡಿದ, ಅವಳ ಹಿಂದೆ ತುಟಿ ಕಚ್ಚಿಕೊಂಡು ನಿಂತಿದ್ದ ತಾಯಿಯನ್ನು ನೋಡಿದ. "ಸುಮ್ನೆ ನಿಲ್ಲೋದನ್ನ ನಮ್ಮ ನಿಯಮದಲ್ಲಿ ಎಲ್ಲೂ ನಿಷೇಧ ಮಾಡಿಲ್ಲ," ಎಂದ ಸಿಡುಕಿನಿಂದ. "ಸುಮ್ನಿರೋ ಮಕ್ಕಳು ಈವರೆಗೆ ಸಿಕ್ಕಿಲ್ಲದ್ದಕ್ಕೆ ಆ ಪ್ರಶ್ನೆ ಬಂದಿಲ್ಲ ಅಷ್ಟೇ. ಮೂಲೇಲಿ ನಿಂತು ಇನ್ನೊಬ್ಬರನ್ನ ಕರೆದ್ರೆ ಅವತ್ತೇ ಕೆಳಗಿಳಿಸ್ತೀನಿ."

"ಕರೆಯಲ್ಲ. ಕಂಬದ ಲೆಕ್ಕ ಇನ್ನೂ ಮುಗಿದಿಲ್ಲ, ಅದಕ್ಕೆ ಬಂದೆ."

"ಮುಗಿದಿದೆ. ನೀನು ಒಪ್ಪಿಲ್ಲ."

ಅರ್ಜಿ ಅರ್ಧ ಪುಟದ್ದು. ಸರ್ವೇಯರ್ ಚೀಟಿಗೆ ಸಹಿ ಹಾಕಿ, ಮೊಹರಿನ ಮೇಲೆ ಉಸಿರು ಊದಿ ಒತ್ತಿದ. ಆಮೇಲೆ ದಪ್ಪ ಪುಸ್ತಕವೊಂದನ್ನು ತೆರೆದು ಕಿವಿಯ ಹಿಂದಿನ ಪೆನ್ಸಿಲು ತೆಗೆದ. "ಇಲ್ಲಿ ತಂದೆತಾಯಿ ಬರೀ ಮಕ್ಕಳನ್ನ ಬಿಟ್ಟು ಹೋಗೋ ಹಾಗಿಲ್ಲ. ವಾರಕ್ಕೆ ಒಂದು ತಾಸು ಏನಾದ್ರೂ ಕಲಿಸ್ಬೇಕು. ಏನು ಕಲಿಸ್ತೀರಿ ತಾಯಿ?"

ಕಿರಿಸೊಸೆ ಉತ್ತರಿಸುವ ಮೊದಲು ಮಗಳ ಕಡೆ ನೋಡಿದಳು. ಗುರುವಾರ ಸಂಜೆಯಿಂದ ಪಿಟೀಲು ಅವಳ ಮುಖವನ್ನು ನೇರ ನೋಡಿರಲಿಲ್ಲ. ಈಗ ನೋಡಿದಳು. ತುಂಬ ಹೊತ್ತು, ಲೆಕ್ಕ ಹಾಕುವವಳ ಹಾಗೆ.

"ಗಣಿತ ಒಂದು ಬಿಟ್ಟು ಏನು ಬೇಕಾದ್ರೂ ಕೊಡಿ," ಎಂದಳು ಸರ್ವೇಯರ್‌ಗೆ. "ಅದು ಬಿಟ್ರೆ ಚೆನ್ನಾಗೇ ಕಲಿಸ್ತಾಳೆ."

"ಹಾಗೇ ಬರ್ಕೊಳ್ಳಿ," ಎಂದಳು ತಾಯಿ.

ಸರ್ವೇಯರ್ ಬರೆದುಕೊಂಡ.